ಅಕ್ಷರಕ್ಕೆ ಒಂದು ರೂಪಾಯಿ

ಯಾರ ಮನೆಗೆ ಹೋದರೂ, ಅವರು ನೀರು ಕೊಟ್ಟ ಕೂಡಲೇ ನಾನು ಕುಡಿಯುವುದಿಲ್ಲ. ಮೊದಲು ಚರಗಿಯ ಕಂಠ ನೋಡುತ್ತೇನೆ. ಅಲ್ಲಿ ಏನೂ ಕಾಣದಿದ್ದರೆ ನೀರು ಕುಡಿದು ಮುಗಿಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ತಳ ನೋಡುತ್ತೇನೆ. ಇದು ಒಳ್ಳೆಯ ಅಭ್ಯಾಸವಲ್ಲ ಎಂದು ನನಗೂ ಗೊತ್ತು. ಮದುವೆಯಾಗಿ ಗಂಡನ ಮನೆಗೆ ಬಂದ ಮೊದಲ ವಾರ ಅಡಿಗೆಮನೆಯ ತಾಟುಗಳನ್ನೆಲ್ಲ ಒಂದೊಂದಾಗಿ ಬೋರಲು ಹಾಕಿ ನೋಡಿದೆ. ನನ್ನ ಅತ್ತೆ ಅದನ್ನು ಬಾಗಿಲಲ್ಲಿ ನಿಂತು ನೋಡಿದರು. ತಾವು ತೊಳೆದ ಪಾತ್ರೆಯಲ್ಲಿ ಸೊಸೆ ಹೊಲಸು ಹುಡುಕುತ್ತಿದ್ದಾಳೆ ಎಂದುಕೊಂಡರು. ನಾಲ್ಕು ದಿನ ಮಾತಿಲ್ಲ. ಕೊನೆಗೆ ನನ್ನ ಗಂಡ ಕಾರಣ ಹೇಳಿದ ಮೇಲೆ, ಅಟ್ಟದ ಮೇಲಿಂದ ತಮ್ಮ ತವರಿನ ಹಿತ್ತಾಳೆ ಪರಾತ ಇಳಿಸಿ, ಸೆರಗಿನಿಂದ ಧೂಳು ಒರೆಸಿ ನನ್ನ ಮುಂದಿಟ್ಟು, "ಓದು" ಎಂದರು. ಅದರ ಅಂಚಿನಲ್ಲಿ ಅವರ ಅಪ್ಪನ ಹೆಸರಿತ್ತು. ಅತ್ತೆಗೆ ಓದಲು ಬರುತ್ತಿರಲಿಲ್ಲ. ನಾನು ಗಟ್ಟಿಯಾಗಿ ಓದಿದೆ. ಆವತ್ತಿನಿಂದ ನಮ್ಮಿಬ್ಬರಿಗೆ ಬಹಳ ಹೊಂದಿಕೆ.

ನನ್ನ ಅಬ್ಬಾ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದರು. ಅವರ ಹೆಸರು ದಾವಲಸಾಬ. ರೋಣದ ಬಜಾರಿನಲ್ಲಿ ಒಂದು ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ, ನಾಲ್ಕು ಪದರು ಮಡಿಸಿದ ಗೋಣಿಚೀಲ ಹಾಸಿಕೊಂಡು, ಚಾಣ ಮತ್ತು ಅಂಗೈ ಗಾತ್ರದ ಸುತ್ತಿಗೆ ಹಿಡಿದು ಕೂತಿರುತ್ತಿದ್ದರು. ಕರೆಂಟಿನಿಂದ ಗುರ್ರೆನ್ನುತ್ತ ಗೀಚುವ ಮಷೀನುಗಳು ಆಗಲೇ ಬಂದಿದ್ದವು. ಆದರೆ ನಮ್ಮ ಕಡೆ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚಾದ್ದರಿಂದ ಅಬ್ಬಾನ ಕೈಗೆ ಅಂಜಿಕೆ ಇರಲಿಲ್ಲ. ಬೆಳವಣಕಿಯಿಂದ, ಅಬ್ಬಿಗೇರಿಯಿಂದ ಮದುವೆಯ ಆಯೇರಿ ಕೊಡಲು ಕೊಡ, ಬೋಗೋಣಿ, ತಾಟು ಕೊಳ್ಳಲು ಬಂದವರು ಹೆಸರು ಹಾಕಿಸದೆ ಹೋಗುತ್ತಿರಲಿಲ್ಲ. ಕೊಟ್ಟದ್ದು ಯಾರು ಎಂದು ಗೊತ್ತಾಗದ ಆಯೇರಿಯನ್ನು ಕೊಟ್ಟು ಏನು ಉಪಯೋಗ, ನೀವೇ ಹೇಳಿ.

ನಾನು ಅಕ್ಷರ ಕಲಿತದ್ದೇ ಬೋಗೋಣಿಗಳ ಮೇಲೆ. ಅಬ್ಬಾನ ಅಕ್ಷರ ಚಾಣದ ಸಣ್ಣ ಸಣ್ಣ ಏಟುಗಳಿಂದ ಆದದ್ದು, ಇರುವೆಗಳು ಸಾಲು ಹಚ್ಚಿದ ಹಾಗೆ. ಅಕ್ಷರವೆಂದರೆ ಹಾಗೇ ಇರುತ್ತದೆ ಎಂದು ನಾನು ತಿಳಿದಿದ್ದೆ. ಒಂದನೇ ಇಯತ್ತೆಯಲ್ಲಿ ಪಾಟಿಯ ಮೇಲೆ ಚುಕ್ಕಿ ಚುಕ್ಕಿ ಇಟ್ಟು 'ಅ' ಬರೆದೆ. ಅಕ್ಕೋರು ನೋಡಿ, "ಇದೇನ ಮುನ್ನಿ, ನಿನ್ನ ಅಕ್ಷರಕ್ಕ ಸಿಡುಬು ಬಂದೈತೇನು?" ಎಂದರು. ಇಡೀ ಸಾಲಿ ನಕ್ಕಿತು. ಈಗ ನಾನೇ ಅಕ್ಕೋರು. ಬೋರ್ಡಿನ ಮೇಲೆ ಅವಸರದಲ್ಲಿ ಬರೆಯುವಾಗ ಈಗಲೂ ಸೀಮೆಸುಣ್ಣ ಟಕ್ ಟಕ್ ಎನ್ನುತ್ತದೆ.

ನಮ್ಮ ಮನೆಯ ಮಾತು ಹೆಸರಿಗೆ ಉರ್ದು. ಆದರೆ ಜಗಳ, ವ್ಯಾಪಾರ, ಮುದ್ದು ಮೂರೂ ಕನ್ನಡದಲ್ಲಿ ನಡೆಯುತ್ತಿದ್ದವು. ಅಬ್ಬಾಗೆ ಉರ್ದು ಓದಲು ಬರುತ್ತಿರಲಿಲ್ಲ. ಕನ್ನಡದ ಒತ್ತು, ದೀರ್ಘ, ಕೊಂಬು ಒಂದೂ ತಪ್ಪುತ್ತಿರಲಿಲ್ಲ. ಸಾಲಿ ಮೆಟ್ಟಿಲು ಹತ್ತಿದ್ದು ಮೂರೇ ವರ್ಷ. ಉಳಿದದ್ದನ್ನು ಜನರ ಹೆಸರುಗಳಿಂದ ಕಲಿತೆ ಎನ್ನುತ್ತಿದ್ದರು.

ಗಿರಾಕಿಗಳು ಹೆಸರಿನಲ್ಲಿ ಮಾಡುತ್ತಿದ್ದ ಉಳಿತಾಯದ ಬಗ್ಗೆಯೇ ಒಂದು ಪುಸ್ತಕ ಬರೆಯಬಹುದು. ಅಕ್ಷರಕ್ಕೆ ಇಷ್ಟು ಎಂದು ದರ ಇದ್ದದ್ದರಿಂದ, ಅಂಗಡಿಗೆ ಬರುವಾಗ ಮಲ್ಲಿಕಾರ್ಜುನಗೌಡ ಆಗಿದ್ದವರು ಕಟ್ಟೆಯ ಹತ್ತಿರ ಬರುವಷ್ಟರಲ್ಲಿ ಮ.ಗೌ. ಆಗಿಬಿಡುತ್ತಿದ್ದರು.

"ಮಗೌ ಅಂದ್ರ ಯಾರಂತ ತಿಳೀಬೇಕ್ರಿ ಗೌಡ್ರ? ಬೆಕ್ಕು ಒದರಿದಂಗ ಆಗತೈತಿ" ಎಂದು ಅಬ್ಬಾ ಕೇಳಿದರೆ, "ಕೊಟ್ಟ ನನಗ ಗೊತ್ತೈತಿ, ಇಸಗೊಂಡ ಅವಗ ಗೊತ್ತೈತಿ, ಬೋಗೋಣಿಗೇನ ಗೊತ್ತಾಗಬೇಕಾಗೇತಿ?" ಎಂದು ಗೌಡರ ಉತ್ತರ. ಹೆಣ್ಣುಮಕ್ಕಳು ಹಾಗಲ್ಲ. ಬೆಳವಣಕಿಯ ಒಬ್ಬ ಅಜ್ಜಿ ಮೊಮ್ಮಗಳಿಗೆ ಒಂದು ಸಣ್ಣ ತಂಬಿಗೆ ಕೊಂಡು, ಅದರ ಮೇಲೆ ತನ್ನ ಹೆಸರು, ತೀರಿಹೋದ ಗಂಡನ ಹೆಸರು, ಮೊಮ್ಮಗಳ ಹೆಸರು, ಜೊತೆಗೆ "ಚಂದಾಗಿ ಬಾಳೇವು ಮಾಡು, ಸಿಟ್ಟಿಗೇಳಬ್ಯಾಡ" ಎಂದು ಕೊರೆಸಿದಳು. ಕೊರೆತದ ಖರ್ಚು ತಂಬಿಗೆಯ ಬೆಲೆಯ ಹತ್ತಿರಕ್ಕೆ ಹೋಯಿತು. ಅಜ್ಜಿ ಸೀರೆಯ ಗಂಟು ಬಿಚ್ಚಿ ಪೂರಾ ಕೊಟ್ಟು, ತಂಬಿಗೆಯನ್ನು ಎದೆಗೆ ಅವಚಿಕೊಂಡು ಬಸ್ಸು ಹತ್ತಿದಳು. ಅಬ್ಬಾ ಅವಳ ಮಾತು ಬಂದಾಗಲೆಲ್ಲ "ಅಕಿ ಗಿರಾಕಿ!" ಎನ್ನುತ್ತಿದ್ದರು.

ದರದ ಮಾತಿಗೆ ಬರೋಣ. ಗಿರಾಕಿ ಅಂಗಡಿಗೆ ಕೊಡುತ್ತಿದ್ದದ್ದು ಅಕ್ಷರಕ್ಕೆ ಎಂಟಾಣೆ. ಅದರಲ್ಲಿ ಅಬ್ಬಾಗೆ ನಾಲ್ಕಾಣೆ, ಅಂಗಡಿಯ ಸಾವ್ಕಾರರಿಗೆ ನಾಲ್ಕಾಣೆ. ಕಟ್ಟೆ ಅವರದು, ಗಿರಾಕಿ ಅವರವರು ಎಂಬ ಲೆಕ್ಕ. ಸಾವ್ಕಾರರು ಕೆಟ್ಟ ಮನುಷ್ಯರೇನಲ್ಲ. ರಮಜಾನಿಗೆ ಎರಡು ಕಿಲೋ ಸಕ್ಕರೆ ಕಳಿಸುತ್ತಿದ್ದರು. ನನಗೆ ಜ್ವರ ಬಂದಾಗ ತಮ್ಮ ಸ್ಕೂಟರಿನ ಮೇಲೆ ದವಾಖಾನಿಗೆ ಒಯ್ದಿದ್ದರು. ಆದರೆ ನಾಲ್ಕಾಣೆಯನ್ನು ಐದಾಣೆ ಮಾಡಿ ಎಂದರೆ ಅವರ ಕಿವಿ ಆ ಹೊತ್ತಿಗೆ ಸರಿಯಾಗಿ ಮಂದವಾಗುತ್ತಿತ್ತು.

ಹಾಗೆ ನೋಡಿದರೆ ಅಬ್ಬಾ ಕೇಳುವ ಸ್ವಭಾವದವರೇ ಅಲ್ಲ. ಕೇಳುವಂತೆ ಮಾಡಿದವಳು ಅಮ್ಮ.

ಅಮ್ಮ ರೊಟ್ಟಿ ಬಡಿದು ಮಾರುತ್ತಿದ್ದಳು. ಎರಡು ಖಾನಾವಳಿಗೆ, ಬಸ್‌ಸ್ಟ್ಯಾಂಡ್ ಹತ್ತಿರದ ರೂಮುಗಳಲ್ಲಿ ಇರುತ್ತಿದ್ದ ನೌಕರದಾರರಿಗೆ ನಮ್ಮ ಮನೆಯಿಂದಲೇ ಜೋಳದ ರೊಟ್ಟಿ ಹೋಗುತ್ತಿದ್ದವು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದೆ. ಒಂದು ಸಂಜೆ ಅಮ್ಮ ಒಲೆಯ ಮುಂದೆ ಕೂತು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು.

"ನಾಳಿಂದ ರೊಟ್ಟಿ ಒಂದಕ್ಕ ಎರಡು ರೂಪಾಯಿ."

ಅಬ್ಬಾ ಗಾಬರಿಯಾದರು. "ಒಮ್ಮೆಲೇ ಎಂಟಾಣೆ ಏರಿಸಿದ್ರ ಖಾನಾವಳಿಯವರು ಬಿಟ್ಟು ಹೋಗ್ತಾರ."

"ಹೋಗ್ಲಿ. ಜ್ವಾಳ ನನ್ನ ಕೇಳಿ ತುಟ್ಟಿ ಆತೇನು? ಕಟಿಗಿ ಕೇಳ್ತೇನು? ನಾನೂ ಯಾರನ್ನೂ ಕೇಳಂಗಿಲ್ಲ." ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಅಬ್ಬಾನ ಕಡೆ ತಿರುಗಿದಳು. "ನಿಮ್ಮ ಅಕ್ಷರದ ರೇಟ್ ಎಷ್ಟ್ರಿ?"

"ನಿನಗ ಗೊತ್ತಿಲ್ಲೇನು? ನಾಕಾಣೆ."

"ಮುನ್ನಿ ಐದನೇ ಇಯತ್ತೆದಾಗ ಇದ್ದಾಗ ಎಷ್ಟಿತ್ತು?"

ಅಬ್ಬಾ "ನಾಕಾಣೆ" ಎಂದರು.

"ಹುಡಿಗಿ ಐದನೇತ್ತೆಯಿಂದ ಪೀಯೂಸಿಗೆ ಬಂದ್ಲು. ನಿಮ್ಮ ಅಕ್ಷರ ಯಾಕ ಇನ್ನೂ ಅಲ್ಲೇ ಕುಂತೈತಿ? ವರ್ಷಾ ಫೇಲ್ ಆಗಾಕತ್ತೈತೇನು?"

ನಾನು ಫಕ್ಕನೆ ನಕ್ಕೆ. ಅಬ್ಬಾ ನಗಲಿಲ್ಲ. ಅಮ್ಮ ಬಿಡಲೂ ಇಲ್ಲ. "ನನ್ನ ಒಂದು ರೊಟ್ಟಿಗೆ ನಿಮ್ಮ ಎಂಟು ಅಕ್ಷರ. ಚನ್ನಬಸಪ್ಪ ಅಂತ ಕೊರದ್ರ ಒಂದು ರೊಟ್ಟಿ ಬರಂಗಿಲ್ಲ. ಅವರಪ್ಪನ ಹೆಸರೂ ಸೇರಿಸಿ ಕೊರೀಬೇಕು. ಇಬ್ಬರು ಗಂಡಸರ ಹೆಸರು ಕೊರದು ಒಂದು ರೊಟ್ಟಿ ತಿನ್ನೂದು ಎಂಥಾ ಉದ್ಯೋಗ್ರಿ ಇದು?"

ಆ ಸಂಜೆ ಅಬ್ಬಾ ಎರಡೇ ರೊಟ್ಟಿ ತಿಂದು ಎದ್ದರು. ಎಂದಿನಂತೆ ನಾಲ್ಕು ತಿನ್ನಲಿಲ್ಲ. ಮನಸ್ಸಿನಲ್ಲೇ ಅಕ್ಷರ ಎಣಿಸುತ್ತಿದ್ದರೆಂದು ಕಾಣುತ್ತದೆ.

ಮರುದಿನ ಅಬ್ಬಾ ಸಾವ್ಕಾರರನ್ನು ಕೇಳಿಯೇಬಿಟ್ಟರು. ಎಂಟಾಣೆಯನ್ನು ಪೂರಾ ನನಗೇ ಕೊಡಿ ಎಂದರು. ಸಾವ್ಕಾರರು ಕನ್ನಡಕ ತೆಗೆದು ಒರೆಸುತ್ತ, "ದಾವಲಸಾಬ್ರ, ಖರೇ ಹೇಳ್ತೀನಿ. ನರಗುಂದದಾಗ ಕಾಳಪ್ಪ ಅಂತ ಅದಾನ. ಇಪ್ಪತ್ತು ಪೈಸಾಕ್ಕ ಕೊರೀತಾನ. ಅವನ್ನ ಕರಸಬೇಕಾಗತೈತಿ. ನಿಮ್ಮ ಮಾರಿ ನೋಡಿ ಸುಮ್ಮನ ಅದೀನಿ" ಎಂದರು. ಅಬ್ಬಾ ಗೋಣಿಚೀಲದ ಮೇಲೆ ಮತ್ತೆ ಕೂತರು. ಮನೆಗೆ ಬಂದು, ಕಣ್ಣಾರೆ ನೋಡದ ಕಾಳಪ್ಪನನ್ನು ಬಾಯಿತುಂಬ ಬೈದರು. ಅವನ ಕೈಗೆ ಕುಷ್ಠ ಬರಲಿ ಎನ್ನುವವರೆಗೂ ಹೋಗಿ, ಆಮೇಲೆ ತೋಬಾ ತೋಬಾ ಎಂದು ಗಲ್ಲ ಬಡಿದುಕೊಂಡರು.

ಮುಂದೆ ಒಂದು ತಿಂಗಳಿಗೆ ನನ್ನ ಗೆಳತಿಯ ಅಕ್ಕನ ಮದುವೆಗೆ ನಾನು ನರಗುಂದಕ್ಕೆ ಹೋಗಬೇಕಾಯಿತು. ಊಟ ಮುಗಿದ ಮೇಲೆ ಬಂದ ಆಯೇರಿಯನ್ನೆಲ್ಲ ಒಂದು ಕೋಣೆಯಲ್ಲಿ ಹರವಿದ್ದರು. ನನ್ನ ಕೈ ಸುಮ್ಮನಿರುತ್ತದೆಯೆ? ಒಂದು ತಾಟು ತಿರುವಿದೆ. ಅದರ ಮೇಲಿನ 'ಶ್ರೀ' ನೋಡಿ ಅಲ್ಲೇ ಕೂತುಬಿಟ್ಟೆ. ಆ 'ಶ್ರೀ'ಯ ದೀರ್ಘ ನವಿಲು ಕತ್ತು ತಿರುಗಿಸಿದಂತೆ ಇತ್ತು. ಅಬ್ಬಾನ ಕೈಗಿಂತ ಚೆನ್ನಾಗಿದೆ ಎಂದು ಅನ್ನಿಸಿ, ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಯಾರು ಕೊರೆದದ್ದು ಎಂದು ಕೇಳಿದೆ. "ಕಾಳಪ್ಪ, ಬಜಾರದಾಗ ಕೂಡ್ತಾನ" ಎಂದರು.

ಇಪ್ಪತ್ತು ಪೈಸೆಗೆ ಇಂಥ 'ಶ್ರೀ' ಕೊರೆಯುವವನ ಮುಖ ನೋಡಲೇಬೇಕೆಂದು ಗೆಳತಿಯನ್ನು ಎಳೆದುಕೊಂಡು ಬಜಾರಿಗೆ ಹೋದೆ. ನಮ್ಮ ಅಬ್ಬಾನ ಹಾಗೇ ಒಂದು ಕಟ್ಟೆ, ಹಾಗೇ ಒಂದು ಗೋಣಿಚೀಲ. ಮೇಲೆ ಒಬ್ಬ ಒಣಕಲು ಮನುಷ್ಯ, ಮೂಗಿನ ತುದಿಗೆ ದಾರ ಕಟ್ಟಿದ ಕನ್ನಡಕ.

"ಯಾವೂರವ್ವಾ?"

"ರೋಣರಿ. ನಮ್ಮ ಅಬ್ಬಾನೂ ಇದ ಕೆಲಸಾ ಮಾಡ್ತಾರ್ರಿ."

ಸುತ್ತಿಗೆ ನಿಂತಿತು. "ದಾವಲಸಾಬನ ಮಗಳೇನು ನೀನು?"

"ಹೌದ್ರಿ."

"ನಿಮ್ಮಪ್ಪಗ ಹೇಳು, ಹದಿನೈದು ಪೈಸಾಕ್ಕ ಅಕ್ಷರಾ ಕೊರದು ಉಳಿದವರ ಹೊಟ್ಟಿ ಮ್ಯಾಲ ಹೊಡೀಬ್ಯಾಡ ಅಂತ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಆಶ್ಚರ್ಯ. "ನಮ್ಮ ಅಬ್ಬಾ ನಾಕಾಣೆ ತಗೋತಾರ್ರಿ. ಹದಿನೈದು ಪೈಸಾ ಅಂತ ನಿಮಗ ಯಾರ ಹೇಳಿದ್ರು?"

"ಇವರ, ನಮ್ಮ ಸಾವ್ಕಾರ್ರು. ರೇಟ್ ಏರಸ್ರಿ ಅಂದಾಗೊಮ್ಮೆ ಹೇಳ್ತಾರ."

"ನಮ್ಮ ಸಾವ್ಕಾರ್ರು ನಿಮ್ಮ ಹೆಸರು ಹೇಳ್ತಾರ್ರಿ. ನರಗುಂದದ ಕಾಳಪ್ಪ ಇಪ್ಪತ್ತು ಪೈಸಾಕ್ಕ ಮಾಡ್ತಾನ ಅಂತ."

ಕಾಳಪ್ಪ ಕನ್ನಡಕ ತೆಗೆದರು. ಅಂಗಡಿಯ ಒಳಗೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳಿದರು. "ನಾನೂ ನಾಕಾಣೆಯವ್ವಾ. ಹನ್ನೊಂದು ವರ್ಷ ಆತು." ಆಮೇಲೆ ಏನೋ ಹೊಳೆದವರಂತೆ, "ಗಜೇಂದ್ರಗಡದಾಗ ಯಮನೂರಪ್ಪ ಅಂತ ಒಬ್ಬಾಂವ ಅದಾನ. ಅವಗ ಯಾರ ಹೆಸರು ಹೇಳಿರಬೇಕು?" ಎಂದರು.

ಇಬ್ಬರ ಹೆಸರೂ ಹೇಳಿದ್ದರು. ಅದು ತಿಳಿದದ್ದು ಮುಂದಿನ ಅಮಾವಾಸ್ಯೆಯ ದಿನ, ಮೂವರೂ ನಮ್ಮ ಮನೆಯಲ್ಲಿ ಸೇರಿದಾಗ. ಅಂಗಡಿಗಳಿಗೆ ರಜೆ ಇರುವ ದಿನ ನೋಡಿ ಅಮ್ಮನೇ ಗೊತ್ತು ಮಾಡಿದ್ದಳು. ವರ್ಷಗಟ್ಟಲೆ ಒಬ್ಬರನ್ನೊಬ್ಬರು ನೋಡದೆ ಶಪಿಸಿದ ಮೂರು ಜನ ಒಂದೇ ಚಾಪೆಯ ಮೇಲೆ ಕೂತು, ಮೊದಲು ಯಾರು ಮಾತಾಡಬೇಕೆಂದು ತಿಳಿಯದೆ ತಮ್ಮ ತಮ್ಮ ಬೆರಳ ಉಗುರು ನೋಡಿಕೊಳ್ಳುತ್ತಿದ್ದರು. ಮೂವರ ಎಡಗೈ ಹೆಬ್ಬೆರಳೂ ಸುತ್ತಿಗೆ ತಾಗಿ ತಾಗಿ ಕಪ್ಪಾಗಿತ್ತು. ಅಮ್ಮ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಂದಿಟ್ಟು, "ತಿನ್ರಿ. ಇವತ್ತು ಮಾತ್ರ ಫುಕಟ" ಎಂದಳು.

ರೊಟ್ಟಿ ಒಳಗೆ ಹೋದ ಮೇಲೆ ಮಾತು ಹೊರಗೆ ಬಂತು. ಅಕ್ಷರಕ್ಕೆ ಒಂದು ರೂಪಾಯಿ, ಗಿರಾಕಿ ನೇರವಾಗಿ ಕೊರೆಯುವವನ ಕೈಗೆ ಕೊಡಬೇಕು, ಅಂಗಡಿಗೆ ಪಾಲಿಲ್ಲ, ಯುಗಾದಿಯ ಮರುದಿನದಿಂದ ಜಾರಿ. ಇಷ್ಟು ಚಹಾ ಕುಡಿಯುವುದರೊಳಗೆ ಒಪ್ಪಿತವಾಯಿತು. ಮುರಿದುಬೀಳುವ ಪ್ರಸಂಗ ಬಂದದ್ದು ಒತ್ತಕ್ಷರದಿಂದ. ಒತ್ತನ್ನು ಬೇರೆ ಅಕ್ಷರವೆಂದು ಹಿಡಿಯಬೇಕು ಎಂದು ಕಾಳಪ್ಪ. ಅದು ಅನ್ಯಾಯ, ಬಾಯಿಂದ ಒಂದೇ ಸಲ ಬರುವುದು ಒಂದೇ ಅಕ್ಷರ ಎಂದು ಯಮನೂರಪ್ಪ.

"ಬಾಯಿಂದ ಬರೂದು ನಿಂದು. ನನ್ನ ಕೈಯಿಂದ ಎರಡು ಸಲಾ ಬರತೈತಿ" ಎಂದು ಕಾಳಪ್ಪ ಎದ್ದು ಚಪ್ಪಲಿ ಹುಡುಕತೊಡಗಿದರು. ಅಬ್ಬಾ ಎರಡೂ ಕಡೆ ತಲೆಯಾಡಿಸುತ್ತಿದ್ದರು.

ಅಮ್ಮ ಬಾಗಿಲಿಗೆ ಬಂದಳು. "ಕಾಳಪ್ಪಣ್ಣಾ, ಕುಂದರ್ರಿ. ನಮ್ಮ ಸೀಮ್ಯಾಗ ಗಂಡಸರೆಲ್ಲಾ ಅಪ್ಪಾ, ಹೆಂಗಸರೆಲ್ಲಾ ಅವ್ವಾ. ಒತ್ತು ಇಲ್ಲದ ಹೆಸರು ಎಲ್ಲಿ ತರ್ತೀರಿ? ಒತ್ತಿಗೆ ಬ್ಯಾರೆ ರೊಕ್ಕಾ ಅಂದ್ರ ಮಂದಿ ಎಲ್ಲಾ ನಮ್ಮ ಮ್ಯಾಲ ಬೀಳ್ತಾರ. ನಮ್ಮ ಜಗಳಾ ಸಾವ್ಕಾರ್ರ ಕೂಡ, ಬಸಪ್ಪ ನಿಂಗವ್ವರ ಕೂಡ ಅಲ್ಲ. ಒತ್ತು ಬಿಡ್ರಿ."

ಕಾಳಪ್ಪ ಕೂತರು. ನರಗುಂದ, ರೋಣ, ಗಜೇಂದ್ರಗಡ ಕೊರೆಯುವವರ ಸಂಘ ಹೀಗೆ ಹುಟ್ಟಿತು. ಸದಸ್ಯರು ಮೂರು. ಅಧ್ಯಕ್ಷೆ, ಯಾರೂ ಆರಿಸದಿದ್ದರೂ, ನಮ್ಮ ಅಮ್ಮ.

ಯುಗಾದಿಯ ಮರುದಿನ ಮೂರು ಊರುಗಳಲ್ಲೂ ಮೂವರು ಕಟ್ಟೆಯಿಂದ ಎದ್ದರು. ಮದುವೆಯ ಸುಗ್ಗಿ ಎದುರಿಗಿತ್ತು. ಮೂವರೂ ಸಾವ್ಕಾರರು ನಕ್ಕರಂತೆ. ನಮ್ಮ ಸಾವ್ಕಾರರು ಹುಬ್ಬಳ್ಳಿಯಿಂದ ಒಂದು ಮಷೀನು ತರಿಸಿ, ಕೆಲಸವಿಲ್ಲದೆ ಕೂತಿದ್ದ ತಮ್ಮ ಷಡ್ಡಕನ ಕೈಗೆ ಕೊಟ್ಟರು. "ಇಲ್ಲಿ ಕೊಂಡ ಪಾತ್ರೆಗೆ ಹೆಸರು ಉಚಿತ" ಎಂದು ಬೋರ್ಡೂ ಬಂತು.

ಅಬ್ಬಾ ನಮ್ಮ ಮನೆಯ ಮುಂದಿನ ಬೇವಿನ ಮರದಡಿ ಗೋಣಿಚೀಲ ಹಾಸಿ ಕೂತರು. ಮೊದಲ ವಾರ ಒಬ್ಬರೂ ಬರಲಿಲ್ಲ. ಎರಡನೇ ವಾರ ಒಬ್ಬ ಬಂದು, ದಾರಿ ಕೇಳಿ ಹೋದ. ಕೈ ಸುಮ್ಮನಿರದೆ ಅಬ್ಬಾ ನಮ್ಮ ಮನೆಯ ಪಾತ್ರೆಗಳನ್ನೆಲ್ಲ ಕೊರೆದರು. ಅಮ್ಮನ ಹಿಟ್ಟಿನ ಡಬ್ಬಿಯ ಮೇಲೆ 'ಹಿಟ್ಟು' ಎಂದು, ಉಪ್ಪಿನ ಡಬ್ಬಿಯ ಮೇಲೆ 'ಉಪ್ಪು' ಎಂದು ಕೊರೆದರು. ಚಿಮಟಿಗೆಯನ್ನೂ ಬಿಡಲಿಲ್ಲ. ಮನೆ ನಡೆದದ್ದು ಅಮ್ಮನ ರೊಟ್ಟಿಯಿಂದ. ಅವಳು ಬೆಳಗಿನ ಎರಡು ಶೇರು ಹಿಟ್ಟಿಗೆ ಇನ್ನೆರಡು ಸೇರಿಸಿದಳು. ನಾನು ಪರೀಕ್ಷೆ ಮುಗಿಸಿ, ಒಲೆಯ ಇನ್ನೊಂದು ಬದಿಗೆ ಕೂತು ಬೇಯಿಸಿದೆ. ನನ್ನ ರೊಟ್ಟಿಗಳು ಭೂಪಟದ ಆಕಾರದಲ್ಲಿ ಬರುತ್ತಿದ್ದವು. ಖಾನಾವಳಿಯವರು ದೊಡ್ಡ ಮನಸ್ಸಿನವರು, ತಗೊಂಡರು.

ಮೂರನೇ ವಾರ ಅಬ್ಬಿಗೇರಿಯಿಂದ ಒಬ್ಬ ಹೆಣ್ಣುಮಗಳು ಕಂಕುಳಲ್ಲಿ ಹೊಸ ಕೊಡ ಇಟ್ಟುಕೊಂಡು ನಮ್ಮ ಬೇವಿನ ಮರದಡಿ ಬಂದು ನಿಂತಳು. ಮುಖ ಕೆಂಡ.

"ಇದನ್ನ ಓದ್ರಿ."

ಅಬ್ಬಾ ಓದಿದರು. ತುಟಿ ಕಚ್ಚಿ ನಗು ತಡೆದರು. ಷಡ್ಡಕನ ಮಷೀನು ಆಕೆಯ ಹೆಸರಿನ ಮೊದಲ ಅಕ್ಷರದಲ್ಲಿ ಜಾರಿತ್ತು. ನಿಂಗವ್ವ ಎಂದಿರಬೇಕಾದಲ್ಲಿ 'ನುಂಗವ್ವ' ಎಂದಾಗಿತ್ತು.

"ಮದಿವಿ ಮನ್ಯಾಗ ಎಲ್ಲಾರ ಮುಂದ ಓದಿ ನಕ್ಕಾರ್ರಿ. ನಾ ಯಾರನ್ನ ನುಂಗೀನಿ? ನನ್ನ ಗಂಡ ಜೀವಂತ ಅದಾನ, ಅತ್ತಿ ಜೀವಂತ ಅದಾಳ!"

ಕೊರೆದದ್ದನ್ನು ಅಳಿಸಲು ಬರುವುದಿಲ್ಲ. ಅಬ್ಬಾ ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಚಾಣ ತಗೊಂಡು, ಆ ಕೆಟ್ಟ ಕೊಂಬನ್ನು ಒಂದು ಎಲೆ ಮಾಡಿದರು. ಎಲೆಗೆ ಒಂದು ಬಳ್ಳಿ ಹಚ್ಚಿದರು. ಬಳ್ಳಿಯನ್ನು ಹೆಸರಿನ ಕೆಳಗೆ ಪೂರಾ ಹರಿಸಿ, 'ನ'ದ ತಲೆಯ ಮೇಲೆ ಒಂದು ದುಂಡನೆಯ ಗುಡಿಸು ಕೂರಿಸಿದರು. ಹೂಬಳ್ಳಿಯ ಮೇಲೆ ನಿಂಗವ್ವ ಕೂತಳು. ಆಕೆಯ ಕಣ್ಣಲ್ಲಿ ನೀರು ಬಂತು.

"ಎಷ್ಟು ಕೊಡಲ್ರಿ?"

ಅಬ್ಬಾ "ಇರಲಿ ಬಿಡವ್ವಾ" ಎನ್ನಲು ಬಾಯಿ ತೆರೆದಿದ್ದರು. ಒಳಗಿನಿಂದ ಅಮ್ಮನ ದನಿ ಬಂತು. "ತಿದ್ದುಪಡಿ ಐದು ರೂಪಾಯಿ. ಬಳ್ಳಿ ಫುಕಟ."

ನಿಂಗವ್ವ ಐದು ರೂಪಾಯಿ ಕೊಟ್ಟು ಹೋದಳು. ಅಬ್ಬಿಗೇರಿಯ ಬಸ್ಸಿನಲ್ಲಿ ಎಷ್ಟು ಜನಕ್ಕೆ ಆ ಕೊಡ ತೋರಿಸಿದಳೋ, ಮರುದಿನದಿಂದ ಒಬ್ಬೊಬ್ಬರೇ ಬರತೊಡಗಿದರು. ಆದರೂ ಅದು ಹಳೆಯ ಗಳಿಕೆಯ ಅರ್ಧಕ್ಕೂ ಬರುತ್ತಿರಲಿಲ್ಲ. ನರಗುಂದದಿಂದ, ಗಜೇಂದ್ರಗಡದಿಂದ ಬಸ್ ಕಂಡಕ್ಟರರ ಕೈಲಿ ಚೀಟಿ ಬರುತ್ತಿದ್ದವು. "ಗಟ್ಟಿ ಅದೀವಿ. ನೀವು?" ಅಬ್ಬಾ ಉತ್ತರ ಬರೆಯುತ್ತಿದ್ದರು. "ಗಟ್ಟಿ ಅದೀವಿ." ಖರೇ ಹೇಳಬೇಕೆಂದರೆ ಯಾರೂ ಅಷ್ಟು ಗಟ್ಟಿ ಇರಲಿಲ್ಲ. ಯಮನೂರಪ್ಪ ಹೆಂಡತಿಯನ್ನು ಮಕ್ಕಳ ಸಮೇತ ತವರಿಗೆ ಕಳಿಸಿದ್ದರೆಂದು ಆಮೇಲೆ ತಿಳಿಯಿತು.

ನಡುವೆ ನನ್ನ ಫಲಿತಾಂಶ ಬಂತು. ಫಸ್ಟ್ ಕ್ಲಾಸ್. ಡಿ.ಎಡ್. ಸೀಟೂ ಸಿಕ್ಕಿತು. ಫೀ ತುಂಬಲು ಹತ್ತು ದಿನ ಕೊಟ್ಟಿದ್ದರು. ಪ್ರತಿ ಸುಗ್ಗಿಯಲ್ಲಿ ಅಬ್ಬಾ ತೆಗೆದಿಡುತ್ತಿದ್ದ ಹಣ ಆ ವರ್ಷ ಇರಲಿಲ್ಲ. ಸುಗ್ಗಿಯೇ ಇರಲಿಲ್ಲವಲ್ಲ.

ಎಂಟನೇ ದಿನ ಸಾವ್ಕಾರರು ತಾವಾಗಿ ನಮ್ಮ ಮನೆಗೆ ಬಂದರು. ಹೊರಸಿನ ಮೇಲೆ ಕೂತು, ಅಮ್ಮ ಕೊಟ್ಟ ಚಹಾ ಕುಡಿದು, ಅಬ್ಬಾನಿಗೆ ಮೆತ್ತಗೆ ಹೇಳಿದರು.

"ದಾವಲಸಾಬ್ರ, ಹಟಾ ಸಾಕು. ನಿಮಗ ಮುಕ್ಕಾಲು ರೂಪಾಯಿ ಕೊಡ್ತೀನಿ. ನಿಮಗೊಬ್ಬರಿಗೆ. ಆ ನರಗುಂದದಾಂವ, ಗಜೇಂದ್ರಗಡದಾಂವ ಅವರವರ ಸಾವ್ಕಾರ್ರ ಕೂಡ ನೋಡ್ಕೊಳ್ಲಿ. ಮಗಳ ಫೀ ನಾಳೆ ಮುಂಜಾನೆ ನಾನ ತುಂಬಿ ಬರ್ತೀನಿ. ಮುನ್ನಿ ನನಗೂ ಮಗಳಿದ್ದಂಗ."

ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಇಷ್ಟೆಲ್ಲ ಬರೆದ ಮೇಲೆ ಇದನ್ನು ಮುಚ್ಚಿಡುವುದು ಸರಿಯಲ್ಲ. ನರಗುಂದದ ಕಟ್ಟೆಯ ಮುಂದೆ ನಿಂತು ಈ ಬೆಂಕಿ ಹಚ್ಚಿದವಳು ನಾನೇ. ಈಗ ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವಳೂ ನಾನೇ.

"ಅಬ್ಬಾ, ಹೂಂ ಅನ್ರಿ."

ಅಬ್ಬಾ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಿತ್ತು. "ಮುಕ್ಕಾಲು ರೂಪಾಯಿ ಚಲೋ ರೇಟ್ ಐತಿ ಬೇಟಿ" ಎಂದರು. "ನಿನ್ನ ಓದೂ ನನಗ ಬೇಕು. ಆದ್ರ ಅಲ್ಲಿ ಇಬ್ಬರು ನನ್ನ ಮಾತು ನಂಬಿ ಮನ್ಯಾಗ ಕುಂತಾರ. ಇಷ್ಟು ವರ್ಷ ಅವರು ನನಗ ಮೋಸಾ ಮಾಡ್ಯಾರ ಅಂತ ಸುಳ್ಳ ತಿಳಕೊಂಡಿದ್ದೆ. ಈಗ ಖರೇನ ನಾನ ಮಾಡ್ಲೇನು?"

ಆಮೇಲೆ ಸಾವ್ಕಾರರ ಕಡೆ ತಿರುಗಿದರು. "ಮೂರೂ ಊರಾಗ ಕೊಡಸ್ರಿ. ಒಂದು ರೂಪಾಯಿ. ನಾಳೆ ಮುಂಜಾನೆ ನಿಮ್ಮಕಿಂತ ಮೊದಲ ಬಂದು ಕಟ್ಟಿ ಕಸಾ ಹೊಡೀತೀನಿ."

ಸಾವ್ಕಾರರ ಮುಖ ಗಂಟಾಯಿತು. ಎದ್ದು ನಿಂತು, "ಇವತ್ತ ಬ್ಯಾಡ ಅಂತೀರಿ. ಹಸಿವಾದಾಗ ನೀವ ಬರ್ತೀರಿ" ಎಂದರು.

ಅಮ್ಮ ರೊಟ್ಟಿಯ ಬುಟ್ಟಿ ಹಿಡಿದು ಹೊರಗೆ ಬಂದಳು. "ಹಸಿವಿಗೆ ಇಲ್ಲಿ ರೊಟ್ಟಿ ಅದಾವ್ರಿ ಸಾವ್ಕಾರ್ರ. ನೀವೂ ಒಂದು ತಗೊಂಡು ಹೋಗ್ರಿ. ಎರಡು ರೂಪಾಯಿ."

ಸಾವ್ಕಾರರು ರೊಟ್ಟಿ ಕೊಳ್ಳಲಿಲ್ಲ. ಎರಡು ದಿನ ಕಳೆಯಿತು, ಫೀ ತುಂಬುವ ಗಡುವು ಮುಗಿಯಿತು. ನನ್ನ ಸೀಟು ಇನ್ಯಾರಿಗೋ ಹೋಯಿತು. ನಾನು ಅಬ್ಬಾನ ಜೊತೆ ಮಾತು ಬಿಟ್ಟೆ. ಅವರು ಬೇವಿನ ಮರದಡಿ ಕೊರೆಯುತ್ತಿದ್ದರೆ ನಾನು ಒಳಗೆ ಬಾಗಿಲು ಹಾಕಿಕೊಂಡು, ಟಕ್ ಟಕ್ ಕೇಳಿಸದಂತೆ ಕಿವಿಗೆ ಸೆರಗು ಒತ್ತಿಕೊಂಡು ಕೂರುತ್ತಿದ್ದೆ. ನನ್ನ ವಯಸ್ಸು ಹದಿನೆಂಟು. ಆ ವಯಸ್ಸಿನಲ್ಲಿ ಒಂದು ವರ್ಷ ಎಂದರೆ ಇಡೀ ಆಯುಷ್ಯ.

ಅದಾಗಿ ಒಂದು ವಾರಕ್ಕೆ ಗಜೇಂದ್ರಗಡದ ಅಂಗಡಿ ಮಣಿಯಿತು. ಜನ ಪಾತ್ರೆ ಕೊಳ್ಳುವುದನ್ನೇ ಬಿಟ್ಟು ಗದಗಕ್ಕೆ ಬಸ್ಸು ಹತ್ತತೊಡಗಿದ್ದರು. ಹೇಗೂ ಹೆಸರು ಹಾಕಿಸಲು ಅಲೆಯಬೇಕು, ಅಲ್ಲೇ ಕೊಂಡು ಅಲ್ಲೇ ಹಾಕಿಸಿದರಾಯಿತು ಎಂದು. ಎರಡು ದಿನಕ್ಕೆ ನರಗುಂದದವರು ಕಾಳಪ್ಪನನ್ನು ಕರೆದರು. ನಮ್ಮ ಸಾವ್ಕಾರರು ಎಲ್ಲರಿಗಿಂತ ಕೊನೆ. ಷಡ್ಡಕ ಆ ಹೊತ್ತಿಗೆ ಇನ್ನೂ ಹಲವು ಸಂಸಾರಗಳಲ್ಲಿ ಜಗಳ ಹಚ್ಚಿ ಊರಿಗೆ ಹೋಗಿದ್ದ. ಅಕ್ಷರಕ್ಕೆ ಒಂದು ರೂಪಾಯಿ, ನೇರ ಕೈಗೆ. ಮೂರೂ ಊರಲ್ಲಿ ಒಂದೇ ದರ. ಅಬ್ಬಾ ಹೇಳಿದ ಮಾತಿನಂತೆ ಮರುದಿನ ಬೆಳಿಗ್ಗೆ ಸಾವ್ಕಾರರಿಗಿಂತ ಮೊದಲು ಹೋಗಿ ಕಟ್ಟೆ ಗುಡಿಸಿದರು. ಇಬ್ಬರೂ ಏನೂ ಆಗದವರಂತೆ ನಮಸ್ಕಾರ ಮಾಡಿಕೊಂಡರಂತೆ.

ನಾನು ಮಾತ್ರ ಮನೆಯಲ್ಲಿ ಉಳಿದೆ. ಮದುವೆಯ ಕೊನೆಯ ಮುಹೂರ್ತಗಳಿಗೆ ಪಾತ್ರೆ ರಾಶಿ ಬಿತ್ತು. ಅಬ್ಬಾ ಮುಗಿಯದ್ದನ್ನು ಚೀಲದಲ್ಲಿ ಮನೆಗೆ ತರುತ್ತಿದ್ದರು. ಒಂದು ಮಧ್ಯಾಹ್ನ ನಾನು, ಇನ್ನೂ ಮಾತಾಡದೆಯೇ, ಒಂದು ಚಾಣ ತಗೊಂಡು ಅವರ ಎದುರು ಕೂತೆ. ಅವರು ಒಂದು ಸಣ್ಣ ತಾಟು ನನ್ನ ಕಡೆ ಸರಿಸಿದರು. ನಾನು ಕೊರೆದ ಮೊದಲ ಹೆಸರು ಗುಡ್ಡ ಹತ್ತುವವರಂತೆ ಮೇಲೆ ಮೇಲೆ ಹೋಯಿತು. "ಅಡ್ಡಿ ಇಲ್ಲ. ಕೊಟ್ಟವರು ಮುಂದ ಬರ್ತಾರ ಅಂತ ಮಂದಿ ತಿಳೀತಾರ" ಎಂದರು. ನಾನು ನಕ್ಕೆ. ಅಲ್ಲಿಗೆ ಮಾತು ಬಿಟ್ಟದ್ದು ಮುಗಿಯಿತು.

ಅವರ ಜೊತೆ ಕಟ್ಟೆಗೂ ಹೋದೆ. ಹೆಣ್ಣುಹುಡುಗಿ ಬಜಾರದಲ್ಲಿ ಕೂರುವುದೇ ಎಂದು ನಮ್ಮ ಓಣಿಯ ಹಿರಿಯರು ಒಬ್ಬರು ಮನೆಗೆ ಬಂದು ಹೇಳಿದರು. ಅಮ್ಮ, "ಹೌದ್ರಿ, ಬಿಸಲ ಭಾಳ ಐತಿ. ಒಂದು ಛತ್ರಿ ಕೊಡಸ್ತೀರೇನು?" ಎಂದು ಕೇಳಿದಳು. ಅವರು ಮತ್ತೆ ಬರಲಿಲ್ಲ. ಮುಂದಿನ ವರ್ಷ ಮತ್ತೆ ಸೀಟು ಸಿಕ್ಕಿತು, ಫೀ ತುಂಬಿದೆ. ಅದರಲ್ಲಿ ನಾನು ಕೊರೆದ ಅಕ್ಷರಗಳೂ ಇದ್ದವು. ಗುಡ್ಡ ಹತ್ತುವ ಅಕ್ಷರಕ್ಕೂ ರೂಪಾಯಿಯೇ ತಗೊಂಡೆ, ಕಡಿಮೆ ಮಾಡಲಿಲ್ಲ.

ನೌಕರಿ ಸಿಕ್ಕಿತು. ನನ್ನ ಜೊತೆ ಪಿಯುಸಿ ಮುಗಿಸಿ ಶಿಕ್ಷಕರಾದವರೆಲ್ಲ ಸೇವಾಪಟ್ಟಿಯಲ್ಲಿ ನನಗಿಂತ ಒಂದು ವರ್ಷ ಮುಂದೆ. ಬಡ್ತಿ ಬಂದರೂ ಅವರಿಗೆ ಮೊದಲು, ಬೇಕಾದ ಊರೂ ಅವರಿಗೆ ಮೊದಲು. ನನಗೆ ಹೊಟ್ಟೆಕಿಚ್ಚು ಆಗುವುದಿಲ್ಲ ಎಂದರೆ ಸುಳ್ಳಾದೀತು. ಆಗುತ್ತದೆ, ಬೇಗ ಆರುತ್ತದೆ.

ಮೊನ್ನೆ ಕಚೇರಿಯಲ್ಲಿ ಎಲ್ಲರ ದಾಖಲೆ ಮತ್ತೊಮ್ಮೆ ಪರಿಶೀಲಿಸುತ್ತಿದ್ದರು. ಗುಮಾಸ್ತರು ಮಸಿ ಹಚ್ಚಿದ ಸಿಕ್ಕಾ ಪಕ್ಕಕ್ಕಿಟ್ಟು, ನನ್ನ ಅರ್ಜಿ ನೋಡಿ ಪೆನ್ನು ಕಚ್ಚಿದರು.

"ಟೀಚರ್, ಪೀಯೂಸಿಗೂ ಡಿ.ಎಡ್‌ಗೂ ನಡುವ ಒಂದು ವರ್ಷ ಖಾಲಿ ಐತಲ್ರಿ. ಇಲ್ಲಿ ಕಾರಣಾ ಬರೀಬೇಕು. ಅನಾರೋಗ್ಯ ಅಂತ ಬರದುಬಿಡ್ರಿ. ಎಲ್ಲಾರೂ ಹಂಗ ಬರೀತಾರ."

"ನಮ್ಮ ಮನ್ಯಾಗ ಯಾರಿಗೂ ಜಡ್ಡು ಇರಲಿಲ್ಲರಿ" ಎಂದೆ.

ಅರ್ಜಿ ನನ್ನ ಕಡೆ ತಿರುಗಿಸಿಕೊಂಡು ಬರೆದೆ. ಕಾಲಂ ಸಣ್ಣದಿತ್ತು, ಅಕ್ಷರಗಳು ಗೆರೆ ದಾಟಿ ಆಚೆ ಹೋದವು. ಹೋಗಲಿ ಎಂದು ಪೂರಾ ಬರೆದೆ. 'ನನ್ನ ತಂದೆ ಅಕ್ಷರಕ್ಕೆ ಒಂದು ರೂಪಾಯಿ ಕೇಳಿದ್ದರಿಂದ.'

ಗುಮಾಸ್ತರು ಎರಡು ಸಲ ಓದಿದರು. "ಇದು ಕಾರಣಾ ಆಗಂಗಿಲ್ರಿ ಟೀಚರ್."

"ಆಗೇತ್ರಿ" ಎಂದೆ. "ಸಿಕ್ಕಾ ಹೊಡೀರಿ."